ನಾಣ್ಯವೋ, ನೆನಪಿನ ಬಿಲ್ಲೆಯೋ?

ಸಂತೇಬೆನ್ನೂರಿನ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಅಜ್ಜಿಯ ದೇವರ ಪೆಟ್ಟಿಗೆಯಲ್ಲಿದ್ದ ತಾಮ್ರದ ಬಿಲ್ಲೆಯೊಂದನ್ನು ನನಗೆ ತಂದು ತೋರಿಸಿದನು. ಒಂದು ಮುಖದಲ್ಲಿ ರಾಮನ ಪಟ್ಟಾಭಿಷೇಕ, ಮತ್ತೊಂದರಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂಬ ಬರಹ. ಇದಕ್ಕೆ ಲಕ್ಷಗಟ್ಟಲೆ ಬೆಲೆ ಕೊಡುತ್ತೇವೆ, ಮೊದಲು ಐದು ಸಾವಿರ ಶುಲ್ಕ ಕಳುಹಿಸಿ ಎಂದು ಯಾರೋ ದೂರವಾಣಿಯಲ್ಲಿ ಹೇಳಿದ್ದರಂತೆ. ಅಡಕೆ ಮಾರಿ ಬಂದ ಹಣದಲ್ಲಿ ಅದನ್ನು ಕಟ್ಟಲು ಮನೆಯವರು ಸಿದ್ಧರಾಗಿದ್ದರು.

ಕಂಪನಿಯು ಪಟ್ಟಾಭಿಷೇಕದ ಚಿತ್ರವುಳ್ಳ ಇಂಥ ನಾಣ್ಯವನ್ನು ಟಂಕಿಸಿದ್ದೇ ಇಲ್ಲ. ಇದು ಪೂಜೆಗೆಂದು ಮಾಡುವ ರಾಮಟಂಕಿಯ ಜಾತಿಗೆ ಸೇರಿದ್ದು. ಪೂಜೆಗೆ ಯೋಗ್ಯವೇ ಹೊರತು ಹಣವಲ್ಲ. ಹಳೆಯ ನಾಣ್ಯಗಳ ವ್ಯವಹಾರಕ್ಕೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿತ್ತು. ಬಿಲ್ಲೆ ಮರಳಿ ಪೆಟ್ಟಿಗೆ ಸೇರಿತು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಬೇರೊಂದಿದೆ. ಸರ್ಕಾರವೇ ಸಂಗ್ರಾಹಕರಿಗಾಗಿ ಹೊರಡಿಸುವ, ಚಲಾವಣೆಗೆ ಬಿಡದ ನಾಣ್ಯಗಳುಂಟು. ಹೊಸ ಸಂಸತ್ ಭವನದ ನೆನಪಿಗೆ 2023ರ ಮೇ 28ರಂದು ಬಿಡುಗಡೆಯಾದ 75 ರೂಪಾಯಿಯ ನಾಣ್ಯ ಅಂಥದು. ಅದನ್ನು ನಾಣ್ಯವೆನಿಸುವುದು ಬೆಳ್ಳಿಯಲ್ಲ. 2011ರ ನಾಣ್ಯ ಅಧಿನಿಯಮದ ಮೇರೆಗೆ ಸರ್ಕಾರ ನಿಗದಿಮಾಡಿದ ಮುಖಬೆಲೆ. ಮುಖಬೆಲೆ ಇಲ್ಲದಿದ್ದರೆ, ಸರ್ಕಾರಿ ಟಂಕಸಾಲೆಯಲ್ಲಿಯೇ ಅಚ್ಚಾಗಿದ್ದರೂ ಅದು ಪದಕ, ಅಷ್ಟೆ.

ಆದರೆ ಪ್ರತಿಕೃತಿ ಮಾಡುವವನು ಮುಖಬೆಲೆಯನ್ನೂ ಅಚ್ಚೊತ್ತಬಲ್ಲನು. ಆಗ ಆರ್ಕಿಮಿಡೀಸನನ್ನು ಕರೆಯಬೇಕು. ಆ ನಾಣ್ಯದ ವ್ಯಾಸ 44 ಮಿಲಿಮೀಟರು, ತೂಕ 35 ಗ್ರಾಂ. ಲೋಹದಲ್ಲಿ ಬೆಳ್ಳಿ ನೂರಕ್ಕೆ 50, ತಾಮ್ರ 40, ನಿಕ್ಕಲ್ 5, ಸತು 5. ಈ ಮಿಶ್ರಣದ ಸಾಂದ್ರತೆಯನ್ನು ಲೆಕ್ಕ ಹಾಕಿದರೆ ಘನ ಸೆಂಟಿಮೀಟರಿಗೆ ಸುಮಾರು 9.5 ಗ್ರಾಂ ಬರುತ್ತದೆ. ಆದ್ದರಿಂದ ನಾಣ್ಯವು ಸುಮಾರು 3.7 ಘನ ಸೆಂಟಿಮೀಟರು ನೀರನ್ನು ಸರಿಸಿ, ನೀರೊಳಗೆ 31.3 ಗ್ರಾಂ ತೂಗಬೇಕು. ಅಷ್ಟೇ ತೂಕದ, ಬೆಳ್ಳಿ ಲೇಪಿಸಿದ ಹಿತ್ತಾಳೆಯ ಪ್ರತಿಕೃತಿಯಾದರೆ 30.9ರ ಆಸುಪಾಸಿನಲ್ಲಿ ನಿಲ್ಲುತ್ತದೆ. ವ್ಯತ್ಯಾಸ ಅರ್ಧ ಗ್ರಾಂಗೂ ಕಡಿಮೆ. ಆದರೂ ಕಾಲೇಜಿನ ತಕ್ಕಡಿ ಅದನ್ನು ಧಾರಾಳವಾಗಿ ಹಿಡಿಯುತ್ತದೆ. ನಾಣ್ಯವನ್ನು ತೆಳುವಾದ ರೇಷ್ಮೆ ದಾರದಿಂದ ತೂಗಹಾಕಿ, ಅಂಟಿದ ಗಾಳಿಗುಳ್ಳೆಗಳನ್ನು ತಟ್ಟಿ ಬಿಡಿಸಬೇಕು. ಈ ಗುಳ್ಳೆಗಳನ್ನು ಮರೆತು ಅಸಲನ್ನೇ ನಕಲಿಯೆಂದವರನ್ನು ನಾನು ಪ್ರಯೋಗಶಾಲೆಯಲ್ಲಿ ಪ್ರತಿವರ್ಷವೂ ಕಾಣುತ್ತೇನೆ.

ಅಯಸ್ಕಾಂತವನ್ನೂ ಹಿಡಿದು ನೋಡಬಹುದು. ಅಂಟಿಕೊಂಡರೆ ಒಳಗಿರುವುದು ಕಬ್ಬಿಣವೆಂದೇ ಶಂಕಿಸಬೇಕು. ಅಂಟದಿದ್ದರೆ ಮಾತ್ರ ಏನೂ ಸಿದ್ಧವಾಗದು, ಹಿತ್ತಾಳೆಯೂ ಅಂಟುವುದಿಲ್ಲ. ತಕ್ಕಡಿಯ ಮಾತೂ ಅಷ್ಟೆ: ಲೆಕ್ಕ ತಪ್ಪಿದರೆ ನಾಣ್ಯ ನಕಲಿ, ಸರಿಬಂದರೆ ಲೋಹ ಸರಿ ಇರಬಹುದೆಂದು ಮಾತ್ರ. ಅದೇ ಮಿಶ್ರಲೋಹದಲ್ಲಿ ಎರಕ ಹೊಯ್ದವನನ್ನು ಹಿಡಿಯಲು ಅಕ್ಷರಗಳ ಅಂಚು ಮೊಂಡಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ನಾಣ್ಯದ ಅಂಚಿನ 200 ಗೆರೆಗಳನ್ನು ಎಣಿಸಬೇಕಾಗುತ್ತದೆ.