ಹಿತ್ತಲಿಗೆ ಬಂದ ಗುಳಿ ರಾಗಿ

ಮೈಸೂರಿನ ನಮ್ಮ ಮನೆ ಹಿಂದಿನ ಹತ್ತಡಿ ಚೌಕದಲ್ಲಿ ಮುಂಗಾರಿಗೆ ರಾಗಿ ಹಾಕುತ್ತೇನೆ. ಅಲ್ಲಿ ನನ್ನ ಕೈಹಿಡಿದದ್ದು ಹಳೆಯ ಹೊಲದವರ ಲೆಕ್ಕಾಚಾರ. ಕೈತೋಟದ ಪುಸ್ತಕಗಳಲ್ಲಿ ರಾಗಿಯ ಹೆಸರೇ ಇರುವುದಿಲ್ಲ.

1. ಜಾಗ ಬಿಡಿ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಸುಮಾರು ಒಂದೂವರೆ ಅಡಿಗೊಂದು ಗೆರೆ ಎಳೆಯುತ್ತಾರೆ. ಗೆರೆ ಕೂಡುವಲ್ಲಿ ಗುಳಿ ಮಾಡಿ, ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ, 20–25 ದಿನದ ಎರಡೆರಡು ಪೈರು ನೆಡುತ್ತಾರೆ. ಹತ್ತಡಿ ಚೌಕಕ್ಕೆ ಐವತ್ತು ಗುಳಿಯೂ ಬೇಡ. ಮೊದಲ ತಿಂಗಳು ನೆಲ ಬರಿದಾಗಿ ಕಾಣುತ್ತದೆ. ನೋಡಿದವರು ‘ಇನ್ನಷ್ಟು ನೆಡಬಹುದಿತ್ತಲ್ಲ’ ಎನ್ನುತ್ತಾರೆ. ನೆಡಬೇಡಿ.

2. ಪೈರನ್ನು ಬಗ್ಗಿಸಿ. ಈ ಪದ್ಧತಿಯ ಜೀವ ಇರುವುದೇ ಇಲ್ಲಿ. ನಾಟಿಯಾಗಿ ಹದಿನೈದು ದಿನ ಕಳೆದ ಮೇಲೆ ಹಾವೇರಿಯ ರೈತರು ಎತ್ತು ಕಟ್ಟಿ, ಪೈರಿನ ಮೇಲೆಯೇ ಕೊರಡು ಎಳೆಯುತ್ತಾರೆ. ಸುಮಾರು ನಲವತ್ತೈದು ದಿನದೊಳಗೆ ಬೇರೆ ಬೇರೆ ದಿಕ್ಕಿನಿಂದ ಹಲವು ಸಲ. ತಲೆ ಬಾಗಿದ ಪೈರು ಮೇಲೇಳುವ ಆತುರ ಬಿಟ್ಟು ಬುಡದ ಗಿಣ್ಣುಗಳಿಂದ ತೆಂಡೆ ಹೊಡೆಯುತ್ತದೆ. ನಡುನಡುವೆ ಎಡೆಕುಂಟೆ ಹೊಡೆದರೆ ಮಣ್ಣು ಸಡಿಲವಾಗಿ ಬೇರು ಹರಡುತ್ತದೆ. ಹಿತ್ತಲಿಗೆ ಎತ್ತು ಬಾರದು. ಒಂದು ಮರದ ಹಲಗೆಯನ್ನು ಪೈರಿನ ಮೇಲೆ ಮೆಲ್ಲಗೆ ಒತ್ತಿ ಎಳೆದರೆ ಸಾಕು, ಎಡೆಕುಂಟೆಯ ಕೆಲಸಕ್ಕೆ ಕಳೆಗುದ್ದಲಿ. ಮಣ್ಣು ಹದವಾಗಿರಲಿ, ಕೆಸರಾಗಿರಬಾರದು. ಕಾಂಡ ಮೇಲೆದ್ದ ಮೇಲೆ ಈ ಸಾಹಸ ಬೇಡ, ಮುರಿಯುತ್ತದೆ. ಮೊದಲ ಸಲ ಮನೆಯವರು ಅಡ್ಡ ಬರುವುದು ಖಂಡಿತ. ಅವರು ಸಂತೆಗೆ ಹೋದಾಗ ಎಳೆದುಬಿಡಿ.

3. ಅಂಚಿಗೆ ಅಕ್ಕಡಿ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಸಾಲು ಬಿಡುತ್ತಿದ್ದುದು ಅಂದಕ್ಕಲ್ಲ. ನಾಟಿ ಅವರೆ ಹೂ ಬಿಡುವುದೇ ಹಗಲು ಗಿಡ್ಡವಾದ ಮೇಲೆ. ರಾಗಿ ಕೊಯ್ದ ನೆಲ ಅದರ ಪಾಲಿಗೆ ಬಿಡುತ್ತದೆ. ನಡುವೆ ಹಾಕಿದರೆ ರಾಗಿಯನ್ನೇ ಮುಚ್ಚಿಬಿಡುವುದರಿಂದ ಅಂಚಿನಲ್ಲಿ ಒಂದೇ ಸಾಲು ಇರಲಿ. ನಾಲ್ಕು ಹುಚ್ಚೆಳ್ಳು ಗಿಡವಿದ್ದರೆ ಜೇನು ತಾನೇ ಬರುತ್ತದೆ.

4. ಬೀಜ ನಿಮ್ಮದೇ ಇರಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಗಿ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಬೆಳೆಯಾದ್ದರಿಂದ ಅದು ತ್ರಾಸದ ಕೆಲಸ. ನಮಗೆ ಅದೇ ಅನುಕೂಲ: ಪಕ್ಕದಲ್ಲಿ ಬೇರೆ ತಳಿ ಇದ್ದರೂ ಬೀಜ ಹೆಚ್ಚುಕಮ್ಮಿ ಶುದ್ಧವಾಗಿ ಉಳಿಯುತ್ತದೆ. ಮುಸುಕಿನ ಜೋಳದಲ್ಲಿ ಈ ಭಾಗ್ಯವಿಲ್ಲ. ತೆನೆಯನ್ನು ಕೊಯ್ಯುವ ಮೊದಲೇ, ಪೈರು ನಿಂತಿರುವಾಗಲೇ ಗುರುತು ಮಾಡಿ. ಅಂಚಿನ ಗಿಡಕ್ಕೆ ಬಿಸಿಲೂ ಜಾಗವೂ ಹೆಚ್ಚು ಸಿಕ್ಕಿರುತ್ತದೆ, ಅದರ ದಪ್ಪ ತೆನೆಗೆ ಮರುಳಾಗದೆ ನಡುವಿನಿಂದ ಆರಿಸಿ.

5. ಹಕ್ಕಿಗೆ ಹಳೇ ಸೊಳ್ಳೆಪರದೆ. ಬೆದರುಬೊಂಬೆಗೆ ಊರ ಗುಬ್ಬಿಗಳು ಹೆದರುವುದಿಲ್ಲ.

6. ಎರಡು ಸಲ ಕೊಯ್ಯಿರಿ. ತಾಯಿಕಾಂಡದ ತೆನೆ ಮೊದಲು ಮಾಗುತ್ತದೆ, ತೆಂಡೆಯವು ಆಮೇಲೆ. ಒಣಗಿಸಿ, ಗೋಣಿಚೀಲದಲ್ಲಿ ಕಟ್ಟಿ ಬಡಿದು, ಗಾಳಿ ನೋಡಿ ಮೊರದಲ್ಲಿ ತೂರಿ.

7. ಲೆಕ್ಕ ಮೊದಲೇ ಗೊತ್ತಿರಲಿ. ಗುಳಿ ಪದ್ಧತಿಯಲ್ಲಿ ಎಕರೆಗೆ 18–20 ಕ್ವಿಂಟಾಲ್ ತೆಗೆದ ರೈತರಿದ್ದಾರೆ. ಅದೇ ಪ್ರಮಾಣ ಹಿಡಿದರೂ ನೂರು ಚದರಡಿಗೆ ಸಿಗುವುದು ಹೆಚ್ಚೆಂದರೆ ಸುಮಾರು ನಾಲ್ಕೂವರೆ ಕೆಜಿ. ಎರಡು ಕೆಜಿ ಬಂದರೆ ಸಂತೋಷಪಡಿ. ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಇಡುತ್ತಿದ್ದರು. ತೆರೆದಾಗ ಒಳಗಿನ ಗಾಳಿ ಕೆಟ್ಟಿದೆಯೋ ಎಂದು ದೀಪ ಇಳಿಬಿಟ್ಟು ನೋಡಿಯೇ ಇಳಿಯುತ್ತಿದ್ದರು. ನಮಗೆ ಒಂದು ಡಬ್ಬ ಸಾಕು. ಕಾಳು ಕೆಡದು, ಹಿಟ್ಟು ಬೇಗ ಮುಗ್ಗುತ್ತದೆ. ಇಷ್ಟು ಕಾಳಿಗೆ ಗಿರಣಿಯವರು ಮುಖ ಸಿಂಡರಿಸುವುದರಿಂದ ನಾನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಮಿಕ್ಸಿಯಲ್ಲೇ ಹಿಟ್ಟು ಮಾಡಿಕೊಳ್ಳುತ್ತೇನೆ. ಮುದ್ದೆಗೆ ಅಂಗಡಿಯ ರಾಗಿ.