ಮಾಸ್ಕ್ ಮೂಗಿನ ಮೇಲಿರಲಿ

ಮಾಸ್ಕ್ ಕಡ್ಡಾಯ ಎಂದು ಸರ್ಕಾರ ಆದೇಶ ಹೊರಡಿಸಿದರೆ ಸಾಕೇ? ಸಾಲದು ಎನ್ನುತ್ತದೆ ಬಾಂಗ್ಲಾದೇಶದ ಹಳ್ಳಿಗಳ ಅನುಭವ. ಅಲ್ಲಿ 2020ರ ಮಧ್ಯದಲ್ಲೇ ಕಡ್ಡಾಯವಾಗಿತ್ತು. ಆದರೂ ಸರಿಯಾಗಿ ಧರಿಸುತ್ತಿದ್ದವರು ನೂರಕ್ಕೆ ಸುಮಾರು 13 ಮಂದಿ. ಆ ನವೆಂಬರ್‌ನಿಂದ ಸಂಶೋಧಕರು 600 ಹಳ್ಳಿಗಳನ್ನು ಆಯ್ದು, ಅರ್ಧದಷ್ಟರಲ್ಲಿ ಮನೆಮನೆಗೆ ಉಚಿತವಾಗಿ ಮಾಸ್ಕ್ ಹಂಚಿದರು. ಮಸೀದಿಯಲ್ಲಿ ಇಮಾಮರು ತಾವೂ ಧರಿಸಿ ತಿಳಿಹೇಳಿದರು. ಬರಿಮುಖದಲ್ಲಿ ಸಂತೆಗೆ ಬಂದವರನ್ನು ಕಾರ್ಯಕರ್ತರು ತಡೆದು ನಯವಾಗಿ ನೆನಪಿಸಿದರು. ದಂಡವಿಲ್ಲ, ಗದರಿಕೆಯಿಲ್ಲ. ಬಳಕೆ ನೂರಕ್ಕೆ 42ಕ್ಕೇರಿತು.

ಫಲ? ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ, ರಕ್ತಪರೀಕ್ಷೆಯಿಂದ ದೃಢಪಟ್ಟ ರೋಗಲಕ್ಷಣವುಳ್ಳ ಕೋವಿಡ್ ಸುಮಾರು ಶೇ 11ರಷ್ಟು ತಗ್ಗಿತು. 60 ದಾಟಿದವರಲ್ಲಿ ಶೇ 35ರಷ್ಟು. ಬಟ್ಟೆ ಮಾಸ್ಕ್‌ನಿಂದ ಅಂಥ ಸ್ಪಷ್ಟ ಫಲ ಕಾಣಲಿಲ್ಲ. ಶೇ 11 ಅಂದರೆ ಅಷ್ಟೇನಾ ಎನ್ನಬೇಡಿ. ಆಗಲೂ ಅರ್ಧಕ್ಕಿಂತ ಹೆಚ್ಚು ಜನ ಮಾಸ್ಕ್ ಹಾಕಿರಲಿಲ್ಲ.

ಹಾಗಾಗಿ ನನ್ನ ಮಾತಿಷ್ಟು: ಆದೇಶಕ್ಕೆ ಕಾಯಬೇಡಿ. ಕೆಮ್ಮು, ನೆಗಡಿ ಇದ್ದಾಗ, ಆಸ್ಪತ್ರೆಯ ಕಾಯುವ ಕೊಠಡಿಯಲ್ಲಿ, ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಸರ್ಜಿಕಲ್ ಮಾಸ್ಕ್ ಹಾಕಿಕೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಎನ್-95 ಇನ್ನೂ ಒಳ್ಳೆಯದು. ಮೇಲಂಚಿನ ತಂತಿಯನ್ನು ಎರಡೂ ಕೈಗಳ ಬೆರಳುಗಳಿಂದ ಮೂಗಿನ ಆಕಾರಕ್ಕೆ ತಕ್ಕಂತೆ ಒತ್ತಿ ಕೂರಿಸಿ. ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಮೇಲಿನಿಂದ ಗಾಳಿ ಸೋರುತ್ತಿದೆ, ಇನ್ನೊಮ್ಮೆ ಒತ್ತಿ. ಗದ್ದಕ್ಕೆ ಇಳಿಸಿಕೊಂಡ ಮಾಸ್ಕ್‌ನಿಂದ ಯಾರಿಗೂ ಪ್ರಯೋಜನವಿಲ್ಲ. ಪಕ್ಕದವರು ಮರೆತಿದ್ದರೆ ಚೀಲದಲ್ಲಿರುವ ಹೆಚ್ಚುವರಿ ಮಾಸ್ಕ್ ಒಂದನ್ನು ಅವರ ಕೈಗಿಡಿ.