ಕಂಬಳಿಹುಳುವಿನ ದಂಡು: ಮೇವು ತೀರಿದ ಮೇಲೆ ಅದರ ನಡತೆಯೂ ರೈತರು ಮಾಡತಕ್ಕ ಕೆಲಸವೂ

ದಾವಣಗೆರೆ, ಹರಿಹರ, ಜಗಳೂರು ಕಡೆಯ ಮಳೆಯಾಶ್ರಯದ ಹೊಲಗಳಲ್ಲಿ ಕಡಲೆಕಾಯಿ ಬೆಳೆಯುವ ರೈತರು ಕಂಬಳಿಹುಳುವಿನ ವಿಷಯದಲ್ಲಿ ಮುಖ್ಯವಾಗಿ ತಿಳಿದಿರತಕ್ಕ ಅಂಶವೊಂದುಂಟು. ಈ ಹುಳುವು ದಂಡುಕಟ್ಟಿ ಹೊರಡುವುದು ಮೇವಿನ ಅಭಾವದಿಂದ. ಆ ಸಮಯವನ್ನು ಮೊದಲೇ ಅರಿತವನು ಬೆಳೆಯನ್ನು ಉಳಿಸಿಕೊಳ್ಳಬಹುದು.

ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ನೆಲದೊಳಗಿನ ಕೋಶಗಳಿಂದ ಬಿಳಿಯ ರೆಕ್ಕೆಯ ಪತಂಗಗಳು ಹೊರಬಂದು ರಾತ್ರಿ ದೀಪಕ್ಕೆ ಮುತ್ತುವುವು. ಒಂದೊಂದು ಹೆಣ್ಣು ಎಲೆಯ ಕೆಳಮೈಯಲ್ಲಿ ನೂರಾರು ಮೊಟ್ಟೆಗಳನ್ನು ಒತ್ತಾಗಿ ಇಡುವುದು. ಮೂರು ನಾಲ್ಕು ದಿನಗಳಲ್ಲಿ ಹೊರಟ ಮರಿಗಳು ಮೊದಲು ಒಟ್ಟಾಗಿದ್ದು ಎಲೆಯ ಹಸುರನ್ನು ಕೆರೆದು ತಿನ್ನುವುವು. ಬೆಳೆದಂತೆ ಹೊಲದಲ್ಲೆಲ್ಲಾ ಚದರುವುವು. ಹೊಲವು ಬರಿದಾದ ಮೇಲೆ ಮತ್ತೆ ಒಂದಾಗಿ, ಪಕ್ಕದ ಹೊಲಕ್ಕೆ ನುಗ್ಗುವುವು. ಆಗ ರಾಗಿ, ಜೋಳ, ಹತ್ತಿ, ಅಲಸಂದೆ ಎಂಬ ಭೇದವು ಅವಕ್ಕಿಲ್ಲ.

ಹಸಿವಿನಿಂದ ಸಣ್ಣ ಜೀವಿಗಳು ಒಂದುಗೂಡುವುದು ಬೇರೆಡೆಯಲ್ಲಿಯೂ ಕಂಡುಬಂದಿದೆ. ನೂಲಿನೆಳೆಯಂತೆ ಅತಿ ಸಣ್ಣದಾದ ದುಂಡುಜಂತುಗಳು, ಬಿದ್ದು ಕೊಳೆತ ಸೇಬಿನ ಮೇಲೆ ಒಂದರ ಮೇಲೊಂದು ಏರಿ ಗೋಪುರದಂತೆ ನಿಲ್ಲುವುದನ್ನು ಜರ್ಮನಿಯ ಕಾನ್‌ಸ್ಟಾನ್ಜ್ ಊರಿನ ಶಾಸ್ತ್ರಜ್ಞರು 2025ರಲ್ಲಿ ಪ್ರಕಟಿಸಿದರು. ನೊಣವು ತಾಗಿದರೆ ಆ ಗುಂಪು ಅದಕ್ಕೆ ಅಂಟಿಕೊಂಡು ಬೇರೆ ಸ್ಥಳಕ್ಕೆ ಸಾಗಬಲ್ಲದು. ಕಂಬಳಿಹುಳುವಿಗಾದರೋ ಅಂಥ ವಾಹನವಿಲ್ಲ. ಅದು ನೆಲದ ಮೇಲೆ ಹರಿದೇ ಬರಬೇಕು. ಅದನ್ನು ತಡೆಯುವ ಅನುಕೂಲವೂ ಇದರಲ್ಲಿಯೇ ಇದೆ.

ಆದುದರಿಂದ ರೈತರು ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಮೊದಲ ಮಳೆಯ ರಾತ್ರಿಗಳಲ್ಲಿ ಹೊಲದ ಬಳಿ ದೀಪವಿಟ್ಟು, ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ತಟ್ಟೆಯನ್ನಿರಿಸಿ ಪತಂಗಗಳನ್ನು ಕೊಲ್ಲಬೇಕು.

2. ಮೊಟ್ಟೆಯ ಒತ್ತುಗಳನ್ನೂ ಮರಿಗಳು ಗುಂಪಾಗಿರುವ ಎಲೆಗಳನ್ನೂ ಕಿತ್ತು ನಾಶಪಡಿಸಬೇಕು. ಮರಿಗಳು ಚದರಿದ ಮೇಲೆ ಈ ಕೆಲಸವು ಸಾಧ್ಯವಾಗದು.

3. ನೆರೆಯ ಹೊಲದಲ್ಲಿ ಎಲೆ ತೀರುತ್ತ ಬಂದಾಗಲೇ, ನಡುವೆ ಒಂದು ಅಡಿ ಆಳದ ಕಾಲುವೆಯನ್ನು ತೋಡಬೇಕು. ಕಾಪಾಡಬೇಕಾದ ಬೆಳೆಯ ಕಡೆಯ ಗೋಡೆಯು ನೆಟ್ಟಗಿರಬೇಕು. ಬಿದ್ದ ಹುಳುಗಳನ್ನು ಪ್ರತಿದಿನವೂ ಕೊಲ್ಲಬೇಕು. ಅವುಗಳನ್ನು ಬರಿಗೈಯಿಂದ ಮುಟ್ಟಬಾರದು.

4. ಬಲಿತ ಹುಳುವು ಮಣ್ಣಿಗಿಳಿದು ಕೋಶವಾಗಿ, ಮುಂದಿನ ವರ್ಷದ ಮಳೆಯವರೆಗೂ ಅಲ್ಲಿಯೇ ಇರುವುದು. ಬೆಳೆ ತೆಗೆದ ಮೇಲೆ ಆಳವಾಗಿ ಉತ್ತರೆ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಈಡಾಗುವುವು. ಬದುಗಳ ಅಂಚನ್ನೂ ಮರದ ನೆರಳನ್ನೂ ಬಿಡಬಾರದು.

ಒಬ್ಬನು ಶ್ರಮಪಟ್ಟು ನೆರೆಯವನು ಸುಮ್ಮನಿದ್ದರೆ, ಸುಮ್ಮನಿದ್ದವನ ಹೊಲದಿಂದಲೇ ದಂಡು ಹೊರಡುವುದು. ಹುಳುಗಳು ಹಸಿದು ಒಂದಾಗುವುದಕ್ಕೆ ಮುಂಚೆಯೇ ಊರಿನವರು ಒಂದಾಗುವಂತೆ ಗ್ರಾಮದ ಮುಖಂಡರು ಏರ್ಪಾಡು ಮಾಡತಕ್ಕದ್ದು.